ಮೇಲೆ ಹೋದರೆ ಕೂಡಿಸು

ನನ್ನ ಮೈದುನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಫಿಸಿಕ್ಸ್ ಟ್ಯೂಷನ್ ಮಾಡುತ್ತಾನೆ. ನಾನು ಲಿಫ್ಟ್ ಮೆಕ್ಯಾನಿಕ್. ಹತ್ತೊಂಬತ್ತು ವರ್ಷ ಲಿಫ್ಟಿನ ಗುಂಡಿಗೆ ಇಳಿದು ಹತ್ತಿ ಮೊಣಕಾಲು ಕೈಕೊಟ್ಟಿದೆ. ಸೂಪರ್‌ವೈಸರ್ ಆದರೆ ಏಣಿ ಹತ್ತಬೇಕಿಲ್ಲ. ಅದಕ್ಕೆ ಡಿಪ್ಲೊಮಾದ ಫಿಸಿಕ್ಸ್ ಪೇಪರ್ ಒಂದೇ ಬಾಕಿ. ಎರಡು ಸಲ ಫೇಲಾಗಿದ್ದೇನೆ, ಮೂರನೆಯದೇ ಕೊನೆಯದು. ಮರುದಿನ ಬೆಳಿಗ್ಗೆ ಕಾಲೇಜಿನಲ್ಲಿ ಹೋಂವರ್ಕಿನ ಹತ್ತೂ ಲೆಕ್ಕ ಸರಿಯಾಗಿ ಒಪ್ಪಿಸದಿದ್ದರೆ ಪರೀಕ್ಷೆಗೇ ಕೂರಿಸುತ್ತಿರಲಿಲ್ಲ. ಏಳು ಮುಗಿದಿದ್ದವು.

ಎಂಟನೆಯದು ಲಿಫ್ಟಿನದೇ. ಅರವತ್ತು ಕೆಜಿಯ ಮನುಷ್ಯ ಲಿಫ್ಟಿನೊಳಗೆ ತೂಕದ ಯಂತ್ರದ ಮೇಲೆ ನಿಂತಿದ್ದಾನೆ. ಮೇಲೇರುತ್ತಿರುವ ಲಿಫ್ಟ್ ನಿಲ್ಲಲೆಂದು, ಗುರುತ್ವದ ಐದನೇ ಒಂದು ಪಾಲಿನ ದರದಲ್ಲಿ ನಿಧಾನವಾಗುತ್ತಿದೆ. ಯಂತ್ರ ಎಷ್ಟು ತೋರಿಸುತ್ತದೆ? ಪುಸ್ತಕ ಹಿಡಿದು ಮೈದುನನ ಬಳಿ ಹೋದೆ. ಒಳಗೆ ಆರು ಮಕ್ಕಳು ಕೂತಿದ್ದರು.

"ಅತ್ತಿಗೆ, ಇದೂ ಬರಲ್ವಾ? ಗೋಡೆ ಮೇಲೆ ಬರೆದಿದೀನಲ್ಲ, ಓದಿ. ಮೇಲೆ ಹೋದರೆ ಕೂಡಿಸು, ಕೆಳಗೆ ಹೋದರೆ ಕಳೆ. ಎಪ್ಪತ್ತೆರಡು. ಸ್ಪ್ಯಾನರ್ ಹಿಡಿಯೋ ಕೈಗೆ ಪೆನ್ನು ಯಾಕೆ ಬೇಕಿತ್ತೋ!"

ಮಕ್ಕಳು ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಲಿಫ್ಟ್ ಮೇಲಿನ ಮಹಡಿಗೆ ಬಂದು ನಿಧಾನವಾಗುವಾಗ ಕಾಲು ಹಗುರಾಗುತ್ತದೆ. ಅದನ್ನು ಯಾವ ಗೋಡೆಯೂ ನನಗೆ ಹೇಳಿಕೊಡಬೇಕಿಲ್ಲ.

"ಒಂದು ನಿಮಿಷ ಬಾರಪ್ಪ," ಎಂದೆ. ಮನೆಯ ತೂಕದ ಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಕಟ್ಟಡದ ಲಿಫ್ಟಿಗೆ ಅವನನ್ನು ಹತ್ತಿಸಿ, ಯಂತ್ರದ ಮೇಲೆ ನಿಲ್ಲಿಸಿದೆ. ಹೊರಟಾಗ ಮುಳ್ಳು ಮುಂದೆ ಹಾರಿತು. ನಡುವೆ ಅವನ ತೂಕಕ್ಕೆ ಬಂದು ನಿಂತಿತು. ಎಂಟನೆಯ ಮಹಡಿ ಹತ್ತಿರವಾದಾಗ ಹಿಂದಕ್ಕೆ ಬಿತ್ತು.

"ಯಂತ್ರ ಕೆಟ್ಟಿದೆ," ಎಂದ.

"ಸರಿ, ಮಕ್ಕಳನ್ನೂ ಕರೆದು ನಿಲ್ಲಿಸ್ತೀನಿ. ಅವರೇ ಹೇಳಲಿ, ಕೆಟ್ಟಿರೋದು ಯಾವುದು ಅಂತ."

ಮುಖ ಹುಳ್ಳಗಾಯಿತು. "ನಿಧಾನ ಆಗ್ತಿದ್ರೆ ಕಳೀಬೇಕು. ನಲವತ್ತೆಂಟು," ಎಂದ, ಹಲ್ಲು ಕಚ್ಚಿ. "ಅವರಿಗೆ ಹೇಳ್ಬೇಡಿ."

"ಹೇಳಲ್ಲ. ಉಳಿದ ಎರಡು ಲೆಕ್ಕ ಹೇಳ್ಕೊಡು. ಉತ್ತರ ಬೇಡ, ಹೇಗೆ ಅಂತ ಹೇಳು. ಗೋಡೆ ಮೇಲಿಂದು ನಾಳೆ ನೀನೇ ಅಳಿಸು."

ಅಲ್ಲೇ ಮಹಡಿಯ ಮೆಟ್ಟಿಲ ಮೇಲೆ ಕೂತು, ನನ್ನ ಮುಖ ನೋಡದೆ, ವಿಷ ಕಕ್ಕುವವನಂತೆ ಹೇಳಿಕೊಟ್ಟ. ಯಾವ ಕಡೆಯಿಂದ ಎಳೆತ, ಯಾವ ಕಡೆಯಿಂದ ತಳ್ಳುವಿಕೆ, ಬಾಣದ ಗುರುತು ಎಲ್ಲಿ ಹಾಕಬೇಕು. ಒಂದನ್ನು ಅವನು ಮಾಡಿ ತೋರಿಸಿದ, ಇನ್ನೊಂದನ್ನು ನಾನೇ ಮಾಡಿದೆ. ಸರಿಯಾಗಿತ್ತು. ಕೈಗಡಿಯಾರ ನೋಡಿದೆ, ಹತ್ತೇ ನಿಮಿಷವಾಗಿತ್ತು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಫೇಲಾದ ಎರಡು ವರ್ಷವೂ ಇವನ ಕೋಣೆಯ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದೆ. ನಿಮ್ಮ ತಲೆಗೆ ಹೋಗಲ್ಲ ಬಿಡಿ ಎಂದಿದ್ದ. ನಾನೂ ನಂಬಿದ್ದೆ.

"ಇಷ್ಟೇನಾ?" ಎಂದೆ.

"ಇಷ್ಟೇ," ಎಂದು ಎದ್ದು, ಲಿಫ್ಟ್ ಬಿಟ್ಟು ಮೆಟ್ಟಿಲಿಳಿದು ಹೋದ.