ಟೊಳ್ಳಿಲ್ಲದ ಮೃಗ

ಬೆಟ್ಟದ ಹಿಂದಿನಿಂದ ಮೃಗ ತಲೆ ಎತ್ತಿದ್ದೇ ತಡ, ಸಿನಿಮಾ ಡೇರೆಯೊಳಗಿದ್ದ ಅರ್ಧ ಮಾಲೂರು ಹೋ ಎಂದು ಎದ್ದು ನಿಂತಿತು. ಹೆಂಗಸರ ಕಡೆ ಮಕ್ಕಳು ಚೀರಿಕೊಂಡವು. ನೆಲದ ಮೇಲೆ ಕೂತಿದ್ದ ಕದಿರೇಶ ಮಾತ್ರ ಪಕ್ಕದಲ್ಲಿದ್ದ ಭಾವ ಚನ್ನರಾಯಪ್ಪನ ತೊಡೆಗೆ ರಪ್ಪನೆ ಹೊಡೆದು ನಕ್ಕ.

"ಭಾವ, ಕತ್ತು ನೋಡು, ಕತ್ತು! ಹೆಬ್ಬೆಟ್ಟಿನ ಗುರುತು ಐತೆ!"

"ನಿನ್ ತಲೆ. ಅದು ಊರಿಗೆ ಊರೇ ತುಳೀತಾ ಐತೆ, ಇವನಿಗೆ ಹೆಬ್ಬೆಟ್ಟು ಕಾಣ್ತದಂತೆ."

"ಮಣ್ಣು ಕಣ್ ಭಾವ ಅದು! ಯಾವನೋ ಕೈಯಲ್ಲಿ ಮಾಡವ್ನೆ. ಒಂದ್ಸಲ ಒತ್ತೋದು, ಒಂದು ಪಟ ಹಿಡಿಯೋದು. ಇನ್ನೊಂದ್ಸಲ ಒತ್ತೋದು..."

"ಕೂತ್ಕೊಳ್ರೋ ಮುಂದೆ!" ಎಂದು ಹಿಂದಿನಿಂದ ಯಾರೋ ಬೈದರು.

ಇಬ್ಬರೂ ಒಂದೇ ಹಂಚಿನ ಕಾರ್ಖಾನೆಯವರು. ಚನ್ನರಾಯಪ್ಪ ಗೂಡಿಗೆ ಉರಿ ಹಾಕುವವನು. ಹೆಂಡತಿ ಸತ್ತ ಮೇಲೆ ತಂಗಿ ಆಂಜಿನಮ್ಮನ ಮನೆಯಲ್ಲೇ ಉಣ್ಣುತ್ತಿದ್ದ. ಆಂಜಿನಮ್ಮನ ಗಂಡ ಕದಿರೇಶ ಅಚ್ಚಿನ ಮೇಲೆ ಮಣ್ಣು ಒತ್ತುವವನು. ಹೆಬ್ಬೆಟ್ಟು ಬಿದ್ದ ಹಂಚನ್ನು ಮೇಸ್ತ್ರಿ ಮುಖ ನೋಡದೆ ಆಚೆಗೆಸೆಯುತ್ತಿದ್ದ. ಹನ್ನೆರಡು ವರ್ಷ ತನ್ನ ಬೆರಳಿನ ಗುರುತು ಎಲ್ಲೂ ಉಳಿಯದ ಹಾಗೆ ದುಡಿದವನಿಗೆ, ಸಮುದ್ರದಾಚೆಯ ಯಾವನೋ ತನ್ನ ಬೆರಳನ್ನು ಮನೆಯಷ್ಟು ದೊಡ್ಡದು ಮಾಡಿ ತೋರಿಸಿದ್ದು ಕಂಡು ಮೈ ಜುಂ ಎಂದಿತು. ಚಿತ್ರ ಆರು ದಿನ ನಡೆಯಿತು. ಆರು ದಿನವೂ ಹೋದ.

ಡೇರೆ ಕಿತ್ತುಕೊಂಡು ಹೋದ ಮೇಲೆ ಮೃಗ ಹಂಚು ಒಣಗಿಸುವ ಕೊಟ್ಟಿಗೆಯ ಗೋಡೆಗೆ ಬಂತು. ಊಟದ ಹೊತ್ತಿನಲ್ಲಿ ಕದಿರೇಶ ಇದ್ದಿಲು ಹಿಡಿದು ನಿಲ್ಲುತ್ತಿದ್ದ. ಒಂದು ದಿನ ಅದು ಟೇಕಲ್ ಬೆಟ್ಟದ ಮೇಲೆ ಒಂಟಿಕಾಲಲ್ಲಿ ನಿಂತಿತು. ಇನ್ನೊಂದು ದಿನ ರೈಲಿನ ಡಬ್ಬಿಯನ್ನು ಕಬ್ಬಿನ ಹಾಗೆ ಕಚ್ಚಿತು. ಕತ್ತು ಉದ್ದವಾಯಿತು, ಗಿಡ್ಡವಾಯಿತು, ಕಾಲಿಗೆ ಮೂರು ಬೆರಳು, ಆಮೇಲೆ ನಾಲ್ಕು. ಮಣ್ಣು ಹೊರುವ ಹೆಂಗಸರು ಮುದ್ದೆ ನುಂಗುತ್ತಾ ತೀರ್ಪು ಕೊಡುತ್ತಿದ್ದರು.

"ಬಾಲ ಸಾಲ್ದು ಕಣಪ್ಪ," ಎಂದಳು ಅಶ್ವತ್ಥಮ್ಮ. "ಮೂತಿ ಮಾತ್ರ ನಮ್ಮ ಮೇಸ್ತ್ರೀದೇ!"

ಕೊನೆಗೆ ಕದಿರೇಶ ಮಣ್ಣಿಗೇ ಕೈ ಹಾಕಿದ. ಮೊಳದೆತ್ತರದ ಮೊದಲನೆಯ ಮೃಗವನ್ನು ಮಡಕೆಯ ಹಾಗೆ ಟೊಳ್ಳು ಮಾಡಿದ. ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ಟಣ್ ಎಂದಿತು. ಊರು ತುಳಿಯುವ ಪ್ರಾಣಿ ನೀರಿನ ಕೊಡದ ಹಾಗೆ ಸದ್ದು ಮಾಡುವುದೇ? ಅದನ್ನು ಒಡೆದು ಮಣ್ಣಿಗೆ ಸೇರಿಸಿದ. ಎರಡನೆಯದರ ಹೊಟ್ಟೆಗೆ ಮಣ್ಣನ್ನು ಗಿಡಿದು ತುಂಬಿದ. ಗಟ್ಟಿ ಮಣ್ಣು ಬೆಂಕಿಯಲ್ಲಿ ಸಿಡಿಯುತ್ತದೆಂದು ಅವನಿಗೆ ಗೊತ್ತಿತ್ತು. ಹೊಸದಾಗಿ ಬಂದವರಿಗೆ ಅವನೇ ಹೇಳಿಕೊಡುತ್ತಿದ್ದ. ಒಂದು ತಿಂಗಳು ನೆರಳಲ್ಲಿ ಒಣಗಿಸಿದರೆ ಏನೂ ಆಗಲಾರದು ಎಂದುಕೊಂಡ. ಈಗ ಅದು ನಿಂತ ಕಡೆ ನೆಲ ತಗ್ಗಿದಂತೆ ಕಾಣುತ್ತಿತ್ತು.

ಗೂಡು ತುಂಬುವ ದಿನ ಚನ್ನರಾಯಪ್ಪ ಕೇಳಿದ: "ಒಳಗೆ ಟೊಳ್ಳು ತಾನೆ?"

"ಟೊಳ್ಳೇ ಭಾವ."

"ತಾ ಇಲ್ಲಿ, ಇಡ್ತೀನಿ."

"ಬೇಡ ಬೇಡ, ಬಾಲ ಮುರಿದೀತು. ನಾನೇ ಇಡ್ತೀನಿ."

ಜಾಗ ಉಳಿದಿದ್ದದ್ದು ಉರಿಬಾಯಿಯ ಪಕ್ಕದಲ್ಲಿ ಮಾತ್ರ. ಹಗುರವಾದದ್ದನ್ನು ಎತ್ತಿದವನ ಹಾಗೆ ತೋರಿಸಿಕೊಳ್ಳಲು ಉಸಿರು ಬಿಗಿಹಿಡಿದು ಅಲ್ಲೇ ಇಟ್ಟು ಬಂದ.

ಉರಿ ಹಚ್ಚಿದ ದಿನ ಮಧ್ಯಾಹ್ನ, ಚನ್ನರಾಯಪ್ಪ ಸೌದೆ ದೂಡಲು ಬಗ್ಗಿದಾಗ ಬಂಡೆ ಒಡೆಯುವ ತೋಟೆ ಸಿಡಿದಂಥ ಸದ್ದಾಯಿತು. ಕೆಂಡ, ಚೂರು ಎಲ್ಲ ಉರಿಬಾಯಿಯಿಂದ ಅವನ ಮುಖಕ್ಕೇ ಬಂದವು. ಎಲ್ಲರೂ ಅತ್ತ ಓಡಿದರು. ಕದಿರೇಶನ ಕೈ ಮಾತ್ರ ಅಚ್ಚಿನ ಹಿಡಿ ಬಿಡಲಿಲ್ಲ.

"ಹಸಿ ಸೌದೆ ಹಾಕ್ಬಿಟ್ಟೆ," ಎಂದು ಗಾಡಿಯಲ್ಲಿ ಮಲಗಿಸುವಾಗ ಚನ್ನರಾಯಪ್ಪನೇ ಗೊಣಗಿದ್ದನಂತೆ. ಅದನ್ನೇ ಹಿಡಿದು ಕಾರ್ಖಾನೆಯ ಸಾಹುಕಾರರು ಹಾಜರಿ ಪುಸ್ತಕದಿಂದ ಅವನ ಹೆಸರು ಹೊಡೆದುಹಾಕಿಸಿದರು. ಗುಂಪಿನಲ್ಲಿ ನಿಂತಿದ್ದ ಕದಿರೇಶ ಅಚ್ಚಿನ ಕಡೆಗೆ ವಾಪಸು ನಡೆದ.

ನಾಲ್ಕನೆಯ ದಿನ ಆಂಜಿನಮ್ಮ ಕಟ್ಟಿಕೊಟ್ಟ ಮುದ್ದೆ, ಸೊಪ್ಪಿನ ಸಾರು ಹಿಡಿದು ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಕೋಲಾರಕ್ಕೆ ಬಂದ. ಆಸ್ಪತ್ರೆಯಲ್ಲಿ ಚನ್ನರಾಯಪ್ಪನ ಎರಡೂ ಕಣ್ಣಿಗೆ ಬಟ್ಟೆ ಸುತ್ತಿತ್ತು. ಬಲಗಣ್ಣು ತೆಗೆದಾಗಿತ್ತು. ಎಡಗಣ್ಣಿನ ಮಾತನ್ನು ಡಾಕ್ಟರು ಇನ್ನೂ ಆಡಿರಲಿಲ್ಲ.

"ಯಾರು?"

"ನಾನು ಭಾವ."

ಚನ್ನರಾಯಪ್ಪ ದಿಂಬಿನ ಕೆಳಗೆ ತಡಕಿ ಒಂದು ಕಾಗದದ ಪೊಟ್ಟಣ ತೆಗೆದ. "ಕೆನ್ನೆಯಿಂದ ತೆಗೆದ್ರಂತೆ. ನರ್ಸಮ್ಮನ ಹತ್ರ ಕೇಳಿ ಇಸ್ಕೊಂಡೆ. ಹಿಡ್ಕೊ."

ಅವರೆಕಾಳಿನಷ್ಟು ಮಣ್ಣಿನ ಚೂರು.

"ಮಡಕೆ ಚೂರಿಗೆ ಒಳಗೊಂದು ಮುಖ, ಹೊರಗೊಂದು ಮುಖ ಇರ್ತದೆ. ಮೂರು ದಿನದಿಂದ ಸವರಿ ಸವರಿ ನೋಡ್ತಾ ಇದೀನಿ. ಇದಕ್ಕೆ ಯಾವ ಕಡೇನೂ ಮುಖ ಇಲ್ಲ ಕಣ್ಲಾ. ಗಟ್ಟಿ ಹೊಟ್ಟೆ ಒಳಗಿಂದ ಬಂದಿರೋದು."

ಕದಿರೇಶ ಮಂಚದ ಕಬ್ಬಿಣ ಹಿಡಿದುಕೊಂಡ. "ಸಾಹುಕಾರ್ರಿಗೆ ಹೇಳ್ತೀನಿ ಭಾವ. ಇವತ್ತೇ ಹೋಗಿ ಹೇಳ್ಬಿಡ್ತೀನಿ."

"ಹೇಳಿದ್ರೆ ನಂಗೆ ಕಣ್ಣು ಬರ್ತದಾ? ನಿನ್ನ ಕೆಲಸಾನೂ ಹೋಗ್ತದೆ. ನಮ್ ಆಂಜಿ ಏನ್ ತಿಂತಾಳೆ? ಇನ್ಮೇಲೆ ನಾನೂ ನಿಮ್ಮನೇಲೇ ಬಿದ್ದಿರಬೇಕಲ್ಲ, ನಾನೇನ್ ತಿನ್ನಲಿ, ಈ ಚೂರಾ? ಬಾಯ್ ಮುಚ್ಕೊಂಡು ಹಂಚು ಒತ್ತು."

ಆಚೆ ಮಂಚದವನು ಕೆಮ್ಮಿ ಕೆಮ್ಮಿ ಸುಮ್ಮನಾದ.

"ಚೆನ್ನಾಗಿತ್ತಾ?" ಎಂದ ಚನ್ನರಾಯಪ್ಪ.

"ಯಾವ್ದು?"

"ಅದೇ, ನಿನ್ ಮೃಗ. ಕೈಗೇ ಕೊಡ್ಲಿಲ್ಲ ನೀನು. ನಾನು ಸರಿಯಾಗಿ ನೋಡ್ಲೇ ಇಲ್ಲ."

ಚೆನ್ನಾಗಿರಲಿಲ್ಲ ಎಂದು ಸುಳ್ಳು ಹೇಳಬೇಕೆಂದು ಕದಿರೇಶನಿಗೆ ಬಹಳ ಅನಿಸಿತು.

"ಚೆನ್ನಾಗಿತ್ತು ಭಾವ," ಎಂದ.

ಚನ್ನರಾಯಪ್ಪ ತಲೆಯಾಡಿಸಿದ. "ಹಸಿವಾಯ್ತು. ಏನ್ ಕಳಿಸವ್ಳೆ?"

ಕದಿರೇಶ ಬುತ್ತಿ ಬಿಚ್ಚಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ. ತುತ್ತು ಎತ್ತಿದ ಕೈ ನಡುದಾರಿಯಲ್ಲೇ ನಿಂತಿತು. ಚನ್ನರಾಯಪ್ಪ ಆಗಲೇ ಬಾಯಿ ಅಗಲವಾಗಿ ತೆರೆದು, ಯಾರೂ ಇಲ್ಲದ ಕಿಟಕಿಯ ಕಡೆಗೆ ಮುಖ ಚಾಚಿಕೊಂಡು ಕಾಯುತ್ತಿದ್ದ.