ಹಳಿ ಪಕ್ಕದ ಬಿಪಿ

ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆಗೆ ಬಾಡಿಗೆ ಹನ್ನೆರಡು ಸಾವಿರ. ರೈಲು ಹಳಿಗೆ ಬೆನ್ನು ಕೊಟ್ಟು ನಿಂತ, ಅಷ್ಟೇ ದೊಡ್ಡ ಈ ಮನೆಗೆ ಏಳು. ತಿಂಗಳಿಗೆ ಐದು ಸಾವಿರ ಉಳಿಯಿತೆಂದು ಹೊಲಿಗೆಯಮ್ಮ ಹನ್ನೊಂದು ವರ್ಷ ಹಿಗ್ಗಿದ್ದಳು. ಈಚೆಗೆ ಅದರಲ್ಲಿ ಆರುನೂರು ಬಿಪಿ ಮಾತ್ರೆಗೆ ಹೋಗುತ್ತಿತ್ತು. ಹೋಗಲಿ, ಇನ್ನೂ ಲಾಭವೇ ಅಂದುಕೊಂಡಿದ್ದಳು.

ಲೆಕ್ಕ ತಪ್ಪಿದ್ದು ತಂಗಿಯ ಕಾಲು ಮುರಿದ ಮೇಲೆ. ಆರೈಕೆಗೆಂದು ಊರಾಚೆಯ ತಂಗಿ ಮನೆಯಲ್ಲಿ ಒಂದು ತಿಂಗಳು ನಿಂತಳು. ಮೂರನೇ ವಾರ ಪಾತ್ರೆ ತೊಳೆಯುತ್ತಿದ್ದವಳಿಗೆ ಕಣ್ಣು ಕತ್ತಲಿಟ್ಟಿತು. ಅಲ್ಲಿನ ಡಾಕ್ಟರು ನೋಡಿ, "ಬಿಪಿ ನೂರಕ್ಕೆ ಇಳಿದಿದೆ, ಮಾತ್ರೆ ಅರ್ಧ ಮಾಡಿ" ಅಂದರು. ಮನೆಗೆ ಮರಳಿ ಆ ಅರ್ಧದಲ್ಲೇ ಎರಡು ವಾರ ಕಳೆದಳು. ಆರೋಗ್ಯ ಕೇಂದ್ರದಲ್ಲಿ ಅಳೆಸಿದರೆ ನೂರ ಅರವತ್ತು.

"ಮಾತ್ರೆ ತಪ್ಪಿಸಿದ್ರಾ?" ಎಂದಳು ನರ್ಸ್.

"ಇಲ್ಲ ಕಣಮ್ಮ. ಇರೋದು ಒಂದೇ ಮೈ. ಅಲ್ಲೊಂದು ಲೆಕ್ಕ, ಇಲ್ಲೊಂದು ಲೆಕ್ಕ ಅಂದ್ರೆ ನಾನು ಯಾವುದನ್ನ ನಂಬ್ಲಿ? ಅರ್ಧ ನುಂಗ್ಲಾ, ಪೂರ್ತಿ ನುಂಗ್ಲಾ?"

ಅರ್ಧ ನುಂಗಿದರೆ ಲಕ್ವ ಹೊಡೆಯುವ ಭಯ. ಪೂರ್ತಿ ನುಂಗಿದರೆ ಕತ್ತರಿ ಹಿಡಿದೇ ಕುಸಿಯುವ ಭಯ. ನರ್ಸಿಗೂ ಬಗೆಹರಿಯಲಿಲ್ಲ. ಒಂದು ಮಧ್ಯಾಹ್ನ ಯಂತ್ರ ಹಿಡಿದು ಮನೆಗೇ ಬಂದಳು.

ಮನೆಯಲ್ಲಿದ್ದ ಹೊಲಿಗೆಯಮ್ಮನ ಅತ್ತೆ ದೂರು ಶುರು ಮಾಡಿದಳು. "ನೋಡಮ್ಮ, ಇವಳು ಊಟಕ್ಕೆ ಉಪ್ಪು..." ಎಂದವಳು ಬಾಯಿ ಮುಚ್ಚಿದಳು. ಸೊಸೆ ಎತ್ತಿದ ನೀರಿನ ಲೋಟ ಗಾಳಿಯಲ್ಲೇ ನಿಂತಿತು. ಗೂಡ್ಸ್ ಗಾಡಿ ಗಡಗಡ ಸಾಗಿತು. ಗೂಡಿನ ಡಬ್ಬಿಗಳ ನಡುಕ ನಿಂತ ಮೇಲೆ ಅತ್ತೆ, "...ಜಾಸ್ತಿ ಹಾಕ್ಕೋತಾಳೆ" ಎಂದು ಮುಗಿಸಿದಳು.

"ಯಾಕೆ ನಿಲ್ಲಿಸಿದ್ರಿ?" ಎಂದಳು ನರ್ಸ್.

"ಏನು ನಿಲ್ಲಿಸಿದ್ವಿ?" ಎಂದರು ಅತ್ತೆ ಸೊಸೆ ಇಬ್ಬರೂ.

ನರ್ಸ್ ಸೊಸೆಯ ತೋಳಿಗೆ ಪಟ್ಟಿ ಸುತ್ತಿದಳು. ನೂರ ನಲವತ್ತು. ಮುಂದಿನ ಗಾಡಿಗೆ ಕಾದು, ಅದು ಹೋಗುತ್ತಿರುವಾಗಲೇ ಮತ್ತೆ ಅಳೆದಳು. ನೂರ ಐವತ್ತಾರು.

"ನಂಗೆ ರೈಲು ಕೇಳ್ಸೋದೇ ಇಲ್ವಲ್ಲ," ಎಂದಳು ಹೊಲಿಗೆಯಮ್ಮ. "ಅಭ್ಯಾಸ ಆಗ್ಹೋಗಿದೆ."

"ನಿಮಗೆ ಆಗಿರಬಹುದು, ಎದೆಗೆ ಆಗಿಲ್ಲ. ಮಲಗಿದ್ದಾಗ್ಲೂ ಇದೇ ಕಥೆ ಇರಬೇಕು. ತಂಗಿ ಮನೆ ಹತ್ರ ಹಳಿ ಇಲ್ಲ, ಅದಕ್ಕೇ ಅಲ್ಲಿ ಬಿಪಿ ಇಳೀತು ಅನ್ಸುತ್ತೆ."

"ಹಂಗಾದ್ರೆ ನಂಗ್ಯಾಕೆ ಬಿಪಿ ಇಲ್ಲ?" ಎಂದಳು ಅತ್ತೆ. "ನಾನೂ ಇಲ್ಲೇ ಬಿದ್ದಿರೋಳು."

"ನಿಮ್ಮ ಹತ್ರ ಬರೋಕೆ ಅದಕ್ಕೂ ಧೈರ್ಯ ಬೇಡ್ವಾ, ಅತ್ತೆ?"

ನರ್ಸ್ ನಕ್ಕಳು. ಎಲ್ಲರ ಮೈಯೂ ಒಂದೇ ಥರ ಅಲ್ಲ ಎಂದಷ್ಟೇ ಅವಳಿಗೂ ಗೊತ್ತಿದ್ದದ್ದು. ಡಾಕ್ಟರನ್ನು ಕೇಳಿ ಬಂದು ಹೇಳಿದಳು: ಈ ಮನೆಯಲ್ಲಿರುವಾಗ ಪೂರ್ತಿ ಮಾತ್ರೆ, ಬೇರೆಡೆ ಹೆಚ್ಚು ದಿನ ನಿಂತರೆ ಅಳೆಸಿ ಆಮೇಲೆ ನೋಡೋಣ. ಹಾಸಿಗೆಯನ್ನು ಹಳಿಯಿಂದ ದೂರ ಎಳೆಯಿರಿ.

ದೂರವಿದ್ದದ್ದು ಅಡುಗೆಮನೆ ಒಂದೇ. ಮಂಚ ಅಲ್ಲಿಗೆ ಹೋಯಿತು. ಎರಡು ತಿಂಗಳಲ್ಲಿ ಬಿಪಿ ನೂರ ಮೂವತ್ತೆರಡಕ್ಕೆ ಬಂತು. ಇಳಿಸಿದ್ದು ಮಂಚವೋ ಮಾತ್ರೆಯೋ ಎಂದು ಹೊಲಿಗೆಯಮ್ಮ ಕೇಳಿದಳು. ನರ್ಸ್ ಗೊತ್ತಿಲ್ಲ ಎಂದಳು.

ಬೆಳಗಿನ ತಲೆನೋವು ಹೋಯಿತು. ಕೂತು ಉಣ್ಣುವ ಜಾಗವೂ ಹೋಯಿತು. ಮಾತ್ರೆ ಪೂರ್ತಿಯೇ ಉಳಿಯಿತು.