ಎಡ ರೆಕ್ಕೆಯ ಡಬ್ಬಿ

ನಮ್ಮ ಯಜಮಾನರು ಗರಿ ಕತ್ತರಿಸುವ ಕತ್ತರಿಯಲ್ಲಿ ಮೀಸೆ ಕತ್ತರಿಸಿಕೊಂಡರು. ಹದಿನೆಂಟು ವರ್ಷದ ಸಂಸಾರದಲ್ಲಿ ಏನೇನೋ ಸಹಿಸಿದ್ದೇನೆ, ಇದನ್ನು ಮಾತ್ರ ಸಹಿಸಲಿಲ್ಲ. ಬಾಣ ಮಾಡಿ ಹೊಟ್ಟೆ ಹೊರೆಯುವವರ ಮನೆಯಲ್ಲಿ ಆ ಕತ್ತರಿ ಅಂದರೆ ಸಾಮಾನ್ಯವೇ? ಕೇಳಿದ್ದಕ್ಕೆ, "ಮೀಸೇನೂ ಒಂಥರಾ ಗರಿನೇ ಅಲ್ವೇನೇ?" ಅಂದರು. ಅವತ್ತೇ ಮಾತು ಬಿಟ್ಟೆ. ಬೆಂಚಿನ ಮೇಲೆ ಅವರ ಪಕ್ಕ ಕೂರುವುದನ್ನೂ ಬಿಟ್ಟು, ಮೇಜಿನ ಆಚೆ ಎದುರಿಗೆ ಕೂತು, ದುರುಗುಟ್ಟಿಕೊಂಡೇ ನಾಲ್ಕು ದಿನ ಕೆಲಸ ಮಾಡಿದೆ.

ಆ ನಾಲ್ಕು ದಿನದಲ್ಲಿ ತಯಾರಾದದ್ದು ನನ್ನ ನಾದಿನಿಯ ಆರು ಬಾಣ. ಭುಜ ಮುರಿದುಕೊಂಡು ಒಂದು ವರ್ಷ ಬಿಲ್ಲು ಮುಟ್ಟದೇ ಇದ್ದವಳು, ಇವತ್ತು ಸಂಜೆ ಮತ್ತೆ ಪಂದ್ಯಕ್ಕೆ ಇಳಿಯುವವಳಿದ್ದಳು. ಬೆಳಿಗ್ಗೆ ಹಿತ್ತಲಲ್ಲಿ ಹೊಸ ಬಾಣಗಳನ್ನು ಬಿಟ್ಟು ನೋಡಿದಳು. ಮೊದಲನೆಯದು ಬಾಲ ಅಲ್ಲಾಡಿಸುತ್ತಾ ಹೋಗಿ ಬೇಲಿಗೆ ಚುಚ್ಚಿತು. ಎರಡನೆಯದು ನಾನು ಒಣಹಾಕಿದ್ದ ದಿಂಬಿನ ಚೀಲಕ್ಕೆ. ಮೂರನೆಯದು ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

"ಮೊಣಕೈ ಎತ್ತೇ!" ಎಂದು ಕೂಗಿದೆ. ಗಾಳಿಯನ್ನು ಬೈದೆ. ಗರಿ ಕೊಟ್ಟ ಹೆಬ್ಬಾತಿನ ವಂಶವನ್ನೇ ಜಾಲಾಡಿದೆ.

ಅವಳು ಬಿಲ್ಲನ್ನು ಗೋಡೆಗೆ ಒರಗಿಸಿದಳು. "ಬಿಡಿ ಅತ್ತಿಗೆ, ನನ್ನ ಕೈ ಹೋಯ್ತು. ಹೆಸರು ವಾಪಸ್ ತಗೊಂಡ್ಬಿಡ್ತೀನಿ. ಇನ್ಮೇಲೆ ಈ ಆಟದ ಸಹವಾಸವೇ ಬೇಡ," ಎಂದು ಫೋನು ಮಾಡಲು ಒಳಗೆ ಹೋದಳು.

ನಾನು ಬೇಲಿಯಿಂದ ಬಾಣ ಕಿತ್ತೆ. ಒಂದು ಬಾಣಕ್ಕೆ ಅಂಟಿಸುವ ಮೂರು ಗರಿಯೂ ಹಕ್ಕಿಯ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಆಗ ಮೂರೂ ಒಂದೇ ಕಡೆಗೆ ಬಾಗಿ, ಬಾಣವನ್ನು ತಿರುಗಿಸುತ್ತಾ ನೆಟ್ಟಗೆ ಒಯ್ಯುತ್ತವೆ. ಇದರಲ್ಲಿ ಎರಡು ಒಂದು ಕಡೆಗೆ ಬಾಗಿದ್ದವು, ಒಂದು ಇನ್ನೊಂದು ಕಡೆಗೆ. ನಮ್ಮ ಮೇಜಿನ ಎರಡು ತುದಿಯಲ್ಲಿ ಎರಡು ಡಬ್ಬಿ. ಎಡಗಡೆಯದಕ್ಕೆ ಎಡರೆಕ್ಕೆಯ ಗರಿ, ಬಲಗಡೆಯದಕ್ಕೆ ಬಲರೆಕ್ಕೆಯದು. ಮೇಲೆ ಏನೂ ಬರೆದಿಲ್ಲ. ಪಕ್ಕಪಕ್ಕ ಕೂರುವವರಿಗೆ ಬರೆಯುವ ಅಗತ್ಯವೇನು? ಆದರೆ ಎದುರಿಗೆ ಕೂತ ನನ್ನ ಎಡ, ಅವರ ಬಲ! ನಾಲ್ಕು ದಿನ ಅವರು ಬಲರೆಕ್ಕೆಯ ಗರಿ ಹಾಕಿದ ಡಬ್ಬಿಗೇ ನಾನು ಎಡರೆಕ್ಕೆಯದನ್ನು ತಂದು ಸುರಿದಿದ್ದೆ. ಅಂಟಿಸಿದವಳೂ ನಾನೇ. ಅಂಟಿಸುವಾಗ ನೋಡಿದ್ದು ಗರಿಯನ್ನಲ್ಲ, ಆ ದರಿದ್ರ ಮೀಸೆಯನ್ನು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಗಿಲಲ್ಲಿ ಯಜಮಾನರು ಬೇರೆ ನಿಂತಿದ್ದರು. ಒಳಗೆ ನಾದಿನಿ "ಹಲೋ" ಅನ್ನುವುದು ಕೇಳಿಸಿತು.

"ಇಡೇ ಫೋನು! ನಿನ್ನ ಕೈಗೆ ಏನೂ ಆಗಿಲ್ಲ ಕಣೇ. ತಪ್ಪು ನಂದು. ಎಡ ಬಲ ಎಲ್ಲಾ ಕಲಸಿಬಿಟ್ಟಿದೀನಿ!"

ಯಜಮಾನರು ಎದೆ ಹಿಡಿದುಕೊಂಡು ಬಾಗಿಲಿಗೆ ಒರಗಿದರು. "ಏನಂದೆ? ತಪ್ಪು ಯಾರದು? ಇನ್ನೊಂದ್ಸಲ ಹೇಳು, ಪುಣ್ಯ ಬರುತ್ತೆ."

"ನಾಟಕ ಸಾಕು ರೀ. ಬಂದು ಗರಿ ಕೆರೀರಿ."

ಸಿಕ್ಕ ಐದು ಬಾಣಗಳ ಗರಿ ಕೆರೆದು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಹೊಸದು ಅಂಟಿಸಿದೆವು. ಮಧ್ಯಾಹ್ನ ಅಂಟು ಒಣಗಿತು. ನಾದಿನಿ ಒಲ್ಲೆ ಒಲ್ಲೆ ಅನ್ನುತ್ತಲೇ ಒಂದು ಬಾಣ ಹೂಡಿದಳು. ಬಾಣ ನೆಟ್ಟಗೆ ಹೋಗಿ ಗುರಿಹಲಗೆಯ ನಟ್ಟನಡುವೆ ನಾಟಿತು.

ಅವಳು ಹಲಗೆಯ ಕಡೆ ಓಡಲಿಲ್ಲ. ತನ್ನ ಬಲಗೈಯನ್ನು ಮುಖದ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. "ಇದೆ ಅತ್ತಿಗೆ! ನನ್ನ ಕೈ ಇದೆ!" ಎಂದು ಅಲ್ಲೇ ನೆಲಕ್ಕೆ ಕೂತು ಗೊಳೋ ಎಂದು ಅತ್ತಳು.